ಹಳೇ ನೀರು ಬೇಡುವ ಕೆಲಸ

ಗದಗಿನಲ್ಲಿ ಹೊಸದಾಗಿ ಬಣ್ಣದ ಮೀನಿನ ಅಂಗಡಿ ಹಾಕಿರುವ ಹುಡುಗನೊಬ್ಬ ಮೊನ್ನೆ ನನ್ನ ಕೈಗೊಂದು ಬಾಟಲಿ ಕೊಟ್ಟ. ಒಳಗೆ ಕಂದು ಬಣ್ಣದ ನೀರು. ‘ಅಜ್ಜಾರ, ಇದರಾಗ ಒಳ್ಳೆ ಬ್ಯಾಕ್ಟೀರಿಯಾ ಅದಾವ ನೋಡ್ರಿ. ಹೊಸಾ ಟ್ಯಾಂಕಿಗೆ ಒಂದು ಮುಚ್ಚಳ ಹಾಕಿದ್ರ ಆತು, ಮೀನು ಸಾಯಂಗಿಲ್ಲ’ ಎಂದ. ನಾನು ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಇದೇ ಕಂದು ಜಿಗುಟನ್ನು ಹೊಲಸೆಂದು ತಿಕ್ಕಿ ತೊಳೆದು, ಆಮೇಲೆ ತಲೆಯ ಮೇಲೆ ಕೈ ಹೊತ್ತು ಕೂತವರು ನಾವು. ಅದನ್ನೆಲ್ಲ ಹೇಳೋಣವೆಂದರೆ ಅವನ ಗಿರಾಕಿಗಳು ಕಾಯುತ್ತಿದ್ದರು. ‘ಬರದು ಕೊಡ್ರಿ, ಓದತೀನಿ’ ಎಂದ. ಓದುತ್ತಾನೋ ಬಿಡುತ್ತಾನೋ, ನನಗಂತೂ ಈಗ ಬೇರೆ ಕೆಲಸವಿಲ್ಲ.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ನಾನು ಗದಗಿನಲ್ಲಿ ಸರ್ಕಾರದ ಮೀನಿನ ಆಫೀಸಿಗೆ ಸೇರಿದೆ. ಆಫೀಸಿನ ಹಿಂದೆ, ಉದ್ಯಾನದ ಮೂಲೆಗೆ, ಒಂದು ಹೆಂಚಿನ ಕೋಣೆ. ಜನ ನೋಡಲಿ ಎಂದು ಅದರಲ್ಲಿ ಸಾಲಾಗಿ ಗಾಜಿನ ತೊಟ್ಟಿಗಳನ್ನು ಇಟ್ಟಿದ್ದರು. ಆ ಕೋಣೆಯ ಉಸ್ತುವಾರಿ ನನ್ನದು. ಬಡ್ತಿ, ಪಗಾರ, ಹುದ್ದೆಯ ಹೆಸರು ಇವೆಲ್ಲ ಸರ್ವಿಸ್ ಪುಸ್ತಕದಲ್ಲಿವೆ. ಇಲ್ಲಿ ಬೇಡ.

ನಮ್ಮದು ಲಕ್ಷ್ಮೇಶ್ವರದಲ್ಲಿ ಗುಡಿಯ ಪೂಜೆ ಮಾಡಿಕೊಂಡು ಬಂದ ಮನೆತನ. ಪೂಜೆ ಅಣ್ಣನ ಪಾಲಿಗೆ ಹೋಯಿತು, ಮೀನು ನನ್ನ ಪಾಲಿಗೆ ಬಂತು. ರವಿವಾರ ಊರಿಗೆ ಹೋದರೆ ಅವ್ವ ಹಿತ್ತಲ ಬಾಗಿಲಿಗೆ ಕರೆದು, ತಲೆಗೆ ನೀರು ಹಾಕಿಸಿಯೇ ಒಳಗೆ ಬಿಡುತ್ತಿದ್ದಳು. ನಾನು ಮೀನು ತಿನ್ನುವುದಿಲ್ಲ, ಹಿಡಿಯುವುದಿಲ್ಲ, ಬರೀ ಸಾಕುತ್ತೇನೆ ಎಂದು ಎಷ್ಟು ಹೇಳಿದರೂ ಅವಳ ಲೆಕ್ಕದಲ್ಲಿ ಎಲ್ಲ ಒಂದೇ. ಶಿರಹಟ್ಟಿಯಲ್ಲಿ ಕನ್ಯೆ ನೋಡಲು ಹೋದಾಗ ಹುಡುಗಿಯ ಅಪ್ಪ ಏನು ನೌಕರಿ ಎಂದು ಕೇಳಿದರು. ಹೇಳಿದೆ. ಅವರು ಒಳಗೆ ಹೋಗಿ ಬಂದು, ಲಕ್ಷ್ಮೇಶ್ವರದ ಬಸ್ಸು ಎಷ್ಟು ಹೊತ್ತಿಗಿದೆ ಎಂಬುದನ್ನು ಬಹಳ ಅಕ್ಕರೆಯಿಂದ ತಿಳಿಸಿದರು. ಅವಲಕ್ಕಿ ಮಾತ್ರ ಚೆನ್ನಾಗಿತ್ತು. ಇನ್ನೂ ಒಂದೆರಡು ಕಡೆ ಹೀಗೇ ಆದ ಮೇಲೆ ನಾನು ಕನ್ಯೆ ನೋಡುವುದನ್ನೇ ಬಿಟ್ಟೆ.

ಬೆಟಗೇರಿಯ ನೇಕಾರರ ಓಣಿಯೊಂದರಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದಿದ್ದೆ. ಮಾಲಕಿ ನೀಲವ್ವ, ಗಂಡ ತೀರಿಕೊಂಡ ಮೇಲೆ ತಾನೇ ಮಗ್ಗಕ್ಕೆ ಕೂತ ಗಟ್ಟಿ ಹೆಂಗಸು. ತಿಂಗಳಿಗೊಮ್ಮೆ ಬಾಡಿಗೆ ಕೊಡುವಾಗ ನಮ್ಮ ನಡುವೆ ಎರಡು ಮಾತು. ಉಳಿದ ದಿನ ನಾನು ಅಂಗಳ ದಾಟಿದರೆ ಸೆರಗು ಮೂಗಿಗೆ ಹಿಡಿಯುತ್ತಿದ್ದಳು. ಓಣಿಯ ಉಳಿದವರೂ ಹಾಗೇ. ಹಗಲೆಲ್ಲ ಮಗ್ಗಗಳ ಸಪ್ಪಳ ಇರುತ್ತಿತ್ತು. ಸಂಜೆ ಅವು ನಿಂತ ಮೇಲೆ ಪ್ರತಿ ಮನೆಯಿಂದಲೂ ಊಟದ ಮಾತು ಕೇಳಿಸುತ್ತಿತ್ತು, ನನ್ನ ಖೋಲಿಯಿಂದ ಸ್ಟೋವಿನ ಸಪ್ಪಳ ಮಾತ್ರ. ನನಗೆ ಆಗ ಬಹಳ ಬೇಸರವಾಗುತ್ತಿತ್ತು. ನಾನು ಸ್ವಭಾವದಲ್ಲಿ ಸಿಡುಕ, ಯಾರ ಮುಂದೂ ಅದನ್ನು ಹೇಳಲಿಲ್ಲ.

ಆಫೀಸಿನ ದೊಡ್ಡ ಸಾಹೇಬರು ಕಾರವಾರದ ಕಡೆಯ ನಾಯಕರು. ಮೀನಿಲ್ಲದೆ ಅನ್ನ ಇಳಿಯದ ಮನುಷ್ಯ ಗದಗಿಗೆ ಬಂದು ಸೊರಗಿದ್ದರು. ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟಿದ್ದರು. ಒಮ್ಮೆ ಮುಂಬಯಿಗೆ ಹೋದವರು ರೈಲಿನಲ್ಲಿ ಮರಳುವಾಗ ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲಗಳನ್ನು ಇಟ್ಟುಕೊಂಡು ಬಂದರು. ಒಳಗೆ ಡಿಸ್ಕಸ್ ಮೀನುಗಳು. ತಾಟಿನ ಹಾಗೆ ದುಂಡಗೆ, ಚಪ್ಪಟೆಗೆ, ಕಂದು ಮೈಮೇಲೆ ನೀಲಿ ಗೆರೆಗಳು. ಮನಸ್ಸಿಗೆ ಸರಿಬರದಿದ್ದರೆ ಮೈ ಕಪ್ಪಾಗಿಸಿಕೊಂಡು ಮೂಲೆ ಹಿಡಿಯುತ್ತವೆ. ನೀರು ಸದಾ ಬೆಚ್ಚಗಿರಬೇಕು, ಮತ್ತೆ ಮತ್ತೆ ಬದಲಾಗುತ್ತಲೂ ಇರಬೇಕು. ನಳಕ್ಕೆ ಎಂಟು ಹತ್ತು ದಿನಕ್ಕೊಮ್ಮೆ ನೀರು ಬರುವ ಊರಿಗೆ ಇಂಥ ಮೀನು ತಂದಿದ್ದರು. ನಾನು ಗೊಣಗಿದೆ. ಸಾಹೇಬರು ನಕ್ಕು, ‘ನೀವು ನೀರು ನೋಡಿಕೊಳ್ಳಿ ಪೂಜಾರರೇ, ಮೀನು ತನ್ನನ್ನು ತಾನು ನೋಡಿಕೊಳ್ಳುತ್ತದೆ’ ಎಂದರು. ಅವರ ಮಾತಿಗೆ ಆಫೀಸಿನ ನೀರಿನ ಹೌದಿಗೆ ಟ್ಯಾಂಕರ್ ಬರುತ್ತಿತ್ತು, ಹಾಗಾಗಿ ನೀರಿನ ಚಿಂತೆ ಆಗ ನನಗೆ ತಟ್ಟಲಿಲ್ಲ.

ಜನ ಬಂದು ನೋಡತೊಡಗಿದರು. ಹಿರೇಹಂದಿಗೋಳದಿಂದ ಸಂತೆಗೆ ಬಂದ ಹಿರಿಯರೊಬ್ಬರು ಗಾಜಿಗೆ ಮೂಗು ಹಚ್ಚಿ ಬಹಳ ಹೊತ್ತು ನಿಂತು, ಇಷ್ಟು ತೆಳ್ಳಗಿನ ಮೀನಿನಲ್ಲಿ ತಿನ್ನಲು ಏನು ಸಿಗುತ್ತದೆ ಎಂದು ಕೇಳಿದರು. ಸಾಹೇಬರು ಅದೇ ಪ್ರಶ್ನೆ ತಮಗೂ ಬಂದಿತ್ತು ಎಂದು ಒಪ್ಪಿಕೊಂಡರು.

ಮೊದಲ ವರ್ಷವೇ ನಾವು ಮಾಡಿದ ಘನಕಾರ್ಯ ಕೇಳಿ. ಧಾರವಾಡದಿಂದ ದೊಡ್ಡವರೊಬ್ಬರು ಕೋಣೆ ನೋಡಲು ಬರುತ್ತಾರೆ ಎಂದು ಸುದ್ದಿ ಬಂತು. ನಮ್ಮ ಮನೆಯಲ್ಲಿ ಹಬ್ಬದ ಹಿಂದಿನ ದಿನ ದೇವರ ಸಾಮಾನುಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಮುಖ ಕಾಣುವ ಹಾಗೆ ಬೆಳಗುತ್ತಿದ್ದೆವು. ಅದೇ ಶ್ರದ್ಧೆಯನ್ನು ನಾನು ಡಿಸ್ಕಸ್ ತೊಟ್ಟಿಗೆ ತೋರಿಸಿದೆ. ಸಾಹೇಬರೂ ಪ್ಯಾಂಟು ಮಡಚಿ ಕೂತರು. ಮೀನುಗಳನ್ನು ಬಕೀಟಿಗೆ ಹಾಕಿ, ತಳದ ಹರಳನ್ನೆಲ್ಲ ಬುಟ್ಟಿಯಲ್ಲಿ ತುಂಬಿ, ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿದೆವು. ನೀರು ಸೋಸುವ ಸ್ಪಂಜಿನಿಂದ ಕಂದು ಲೋಳೆ ಇಳಿಯುತ್ತಲೇ ಇತ್ತು. ಬೆಳ್ಳಗಾಗುವವರೆಗೆ ಹಿಂಡಿದೆವು. ವಾಸನೆ ಹೋಗುವವರೆಗೆ ತೊಳೆದು, ಟ್ಯಾಂಕರಿನ ನೀರು ತುಂಬಿದೆವು. ತೊಟ್ಟಿ ಥಳಥಳ ಹೊಳೆಯಿತು. ಬಂದ ದೊಡ್ಡವರು ಶಭಾಷ್ ಎಂದು ಚಹಾ ಕುಡಿದು ಹೋದರು.

ಕೆಲವು ದಿನಗಳಲ್ಲಿ ನೀರು ಮಜ್ಜಿಗೆಯ ಹಾಗೆ ಮಬ್ಬಾಯಿತು. ಮೀನುಗಳು ಕಪ್ಪಾಗಿ, ಮೇಲೆ ಬಂದು ಬಾಯಿ ಬಿಡತೊಡಗಿದವು. ನಾವು ಇನ್ನಷ್ಟು ಸ್ವಚ್ಛ ಮಾಡಿದೆವು. ಅವು ಇನ್ನಷ್ಟು ಬೇಗ ಸತ್ತವು. ಎರಡು ಉಳಿದಿದ್ದಾಗ ಸಾಹೇಬರು ಎಲ್ಲಿಂದಲೋ ತರಿಸಿದ ದಪ್ಪ ಪುಸ್ತಕ ಓದಿ ಮುಗಿಸಿದ್ದರು. ಕೋಣೆಯ ಮೆಟ್ಟಿಲ ಮೇಲೆ ಕೂತು ನನಗೆ ತಿಳಿಸಿ ಹೇಳಿದರು. ಮೀನು ತಿಂದು ಬಿಟ್ಟದ್ದು ನೀರಲ್ಲಿ ವಿಷವಾಗುತ್ತದೆ. ಹರಳಿನ ಮೇಲೆ, ಸ್ಪಂಜಿನ ಒಳಗೆ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡು ಆ ವಿಷವನ್ನು ತಿಂದು ನೀರು ಕಾಯುತ್ತವೆ. ಅವು ನೆಲೆ ನಿಲ್ಲಲು ವಾರಗಟ್ಟಲೆ ಬೇಕು. ‘ನಾವು ಕೆಲಸದವರನ್ನೆಲ್ಲ ತಿಕ್ಕಿ ಚರಂಡಿಗೆ ಚೆಲ್ಲಿದೆವು, ಪೂಜಾರರೇ’ ಎಂದರು. ಅವರ ಕಣ್ಣಲ್ಲಿ ನೀರಿತ್ತು.

ಆಫೀಸಿನ ಮೂಲೆಯಲ್ಲಿ ಒಂದು ಹಳೇ ಗೋಲ್ಡ್‌ಫಿಶ್ ತೊಟ್ಟಿ ಇತ್ತು. ಯಾರೂ ಅದನ್ನು ಕೇಳುವವರಿರಲಿಲ್ಲ. ಗಾಜು ಪಾಚಿಗಟ್ಟಿ ಒಳಗೆ ಮೀನು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ, ಆದರೆ ಮೀನು ಗುಂಡುಗುಂಡಾಗಿ ಬೆಳೆದಿದ್ದವು. ಅದರ ತಳದ ಕೊಳಕು ಹರಳನ್ನು ಬಾಚಿ, ನನ್ನ ಹಳೇ ಧೋತರದ ತುಂಡಿನಲ್ಲಿ ಗಂಟು ಕಟ್ಟಿ ಡಿಸ್ಕಸ್ ತೊಟ್ಟಿಯಲ್ಲಿ ತೂಗುಬಿಟ್ಟೆವು. ಬ್ಯಾಕ್ಟೀರಿಯಾ ಹಬ್ಬುವವರೆಗೆ ದಿನವೂ ಸ್ವಲ್ಪ ಸ್ವಲ್ಪ ನೀರು ಬದಲಿಸಿದೆವು. ಉಳಿದ ಎರಡು ಬದುಕಿದವು. ಅಂಗಡಿಯ ಹುಡುಗಾ, ನಿನ್ನ ಬಾಟಲಿಯಲ್ಲಿರುವುದು ನಮಗೆ ಆ ಧೋತರದ ಗಂಟಿನಲ್ಲಿ ಸಿಕ್ಕಿತು.

ಅಷ್ಟರಲ್ಲಿ ನಾಯಕ ಸಾಹೇಬರಿಗೆ ಕರಾವಳಿಗೆ ವರ್ಗವಾಯಿತು. ಹೋಗುವ ದಿನ ಗಾಜಿನ ಮುಂದೆ ನಿಂತು, ಇವು ಗಂಡು ಹೆಣ್ಣಿದ್ದಂತಿವೆ, ಮರಿಯಾದರೆ ಒಂದು ಕಾರ್ಡು ಹಾಕಿ ಎಂದರು. ಅವರ ಜಾಗಕ್ಕೆ ಬಂದ ಹೊಸ ಸಾಹೇಬರು ಕೆಟ್ಟವರಲ್ಲ. ಉಳಿದ ತೊಟ್ಟಿಗಳನ್ನು ಖಾಲಿ ಮಾಡಿಸಿ ಟ್ಯಾಂಕರ್ ನಿಲ್ಲಿಸಿದರು, ಅಷ್ಟೇ. ‘ಮಂದಿಗೆ ಕುಡಿಯಾಕ ನೀರಿಲ್ಲ, ಮೀನಿಗೆ ಟ್ಯಾಂಕರ್ ತರಸು ಅಂದ್ರ ಹೆಂಗ್ರಿ? ಇವು ಇರೂತನಾ ಇರ್ಲಿ. ಸತ್ತ್ರ ಕೋಣಿಗೆ ಕೀಲಿ ಹಾಕೂಣು, ನೀವು ಮುಂಡರಗಿ ಕಡೆ ಕೆರಿ ಕೆಲಸಕ್ಕ ಹೋಗ್ರಿ’ ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಆದರೆ ನಾನು ಬಾಗಿಲು ತೆಗೆದರೆ ಎದುರು ಬರುವ ಜೀವಗಳು ಈ ಲೋಕದಲ್ಲಿ ಅವೆರಡೇ ಇದ್ದವು. ಅವುಗಳನ್ನು ಹೇಗಾದರೂ ಉಳಿಸಿಕೊಳ್ಳಬೇಕಿತ್ತು.

ಉದ್ಯಾನದ ನಳ ಸಾಲಿನ ಕೊನೆಯದು, ಅಲ್ಲಿಗೆ ಗಾಳಿ ಬಿಟ್ಟು ಏನೂ ಬರುತ್ತಿರಲಿಲ್ಲ. ಓಣಿಯ ನಳದಲ್ಲಿ ಒಂಟಿ ಗಂಡಸಿಗೆ ಸಿಗುವುದು ನನ್ನ ಕುಡಿಯುವುದಕ್ಕೆ, ಅಡುಗೆಗೆ ಸರಿಹೋಗುತ್ತಿತ್ತು. ನೀರಿಗಾಗಿ ಕೊಡ ಕೊಡ ತಾಗಿಸಿ ಜಗಳಾಡುವ ಹೆಂಗಸರ ಹತ್ತಿರ ಮೀನಿಗೆ ಹೊಸ ನೀರು ಕೊಡಿ ಎಂದು ಯಾವ ಬಾಯಿಂದ ಕೇಳಲಿ? ಕೊಟ್ಟರೂ ಪ್ರಯೋಜನ ಕಡಿಮೆ. ವಾಂತಿಭೇದಿಯ ಹೆದರಿಕೆಗೆ ನೀರಲ್ಲಿ ಬ್ಲೀಚಿಂಗ್ ಪುಡಿ ಹಾಕುತ್ತಿದ್ದರು. ಆ ಘಾಟು ಇರುವ ನೀರು ಬಿದ್ದರೆ ಮೀನೂ ಉಳಿಯುವುದಿಲ್ಲ, ಹರಳಿನ ಮೇಲಿನ ಬ್ಯಾಕ್ಟೀರಿಯಾವೂ ಉಳಿಯುವುದಿಲ್ಲ.

ನಮ್ಮ ಕಡೆಯ ರೂಢಿಯೊಂದನ್ನು ಇಲ್ಲಿ ಹೇಳಬೇಕು. ಎಷ್ಟೇ ನೀರಿನ ತ್ರಾಸಿರಲಿ, ನಳಕ್ಕೆ ನೀರು ಬಂತೆಂದರೆ ಮನೆಯಲ್ಲಿ ಕುಡಿಯಲು ತುಂಬಿಟ್ಟ ಹಿಂದಿನ ನೀರು ಆ ಕ್ಷಣದಿಂದ ಹಳೇ ನೀರು. ಅದನ್ನು ಚೆಲ್ಲಿ, ಹಂಡೆ ಹರವಿ ತಿಕ್ಕಿ, ಹೊಸದು ತುಂಬಿದರೇ ಸಮಾಧಾನ. ಒಂದು ದಿನ ಬೆಳಿಗ್ಗೆ ನಳ ಬಂದು ಓಣಿಯೆಲ್ಲ ಗದ್ದಲವೆದ್ದಿತ್ತು. ನೀಲವ್ವ ಕಟ್ಟೆಯ ಮೇಲೆ ದೊಡ್ಡ ಮಣ್ಣಿನ ಹರವಿಯನ್ನು ಬಾಗಿಸಿ ನೀರು ಚೆಲ್ಲಲು ನಿಂತಿದ್ದಳು. ತಿಳಿಯಾದ ನೀರು, ದಿನಗಟ್ಟಲೆ ನಿಂತು ಬ್ಲೀಚಿಂಗಿನ ಘಾಟೆಲ್ಲ ಹಾರಿಹೋದ ನೀರು. ನಾನು ಮೈಮರೆತು ಓಡಿಹೋಗಿ ಹರವಿಯ ಕಂಠ ಹಿಡಿದೆ.

‘ಚೆಲ್ಲಬ್ಯಾಡ್ರಿ ನೀಲವ್ವಾರ. ಆ ನೀರು ನನಗ ಕೊಡ್ರಿ.’

‘ಹಳೀವ್ರಿ ಇವು. ಕೇಳಿದವರಿಗೆ ಹಳಿ ನೀರು ಕೊಟ್ರ ಮಂದಿ ನನಗ ಏನ್ ಅಂದಾರು?’

‘ನನಗಲ್ರಿ, ಮೀನಿಗೆ. ಅವಕ್ಕ ಹಳೇವ ಬೇಕು.’

ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಈ ಸಲ ವಾಸನೆಗಲ್ಲ, ನಗು ತಡೆಯಲು. ಹೊಸಾ ನೀರು ಬಿಟ್ಟು ಹಳೇದು ಬೇಡುವ ಮನುಷ್ಯನನ್ನು ಇದೇ ಮೊದಲು ನೋಡಿದ್ದು ಎಂದು ನಳದ ಹತ್ತಿರ ಹೋಗಿ ಎಲ್ಲರಿಗೂ ಸಾರಿದಳು. ಸೈಕಲ್ಲಿಗೆ ಎರಡು ಕ್ಯಾನು ಕಟ್ಟಿಕೊಂಡು ನಾನು ಅವತ್ತು ಆ ನೀರು ಒಯ್ದೆ. ಮುಂದಿನ ಸಲ ನಳ ಬಂದಾಗ ಇನ್ನೂ ಎರಡು ಮನೆ ಕೇಳಿದೆ. ಬರಬರುತ್ತ ನೀರು ಬಂದ ದಿನ ಓಣಿಯ ಉದ್ದಕ್ಕೂ ಕರೆ. ‘ಪೂಜಾರ್ರ, ಹಳಿ ನೀರು ಅದಾವ ಬರ್ರಿ’ ಎಂದು ಒಬ್ಬರಾದ ಮೇಲೊಬ್ಬರು ಕೂಗುತ್ತಿದ್ದರು. ಹರವಿಯಲ್ಲಿ ಸೊಳ್ಳೆಮರಿ ಆಡುತ್ತಿದ್ದರೆ ನಾಚಿಕೊಂಡು ಮುಚ್ಚಿಡುತ್ತಿದ್ದರು. ಅದನ್ನೇ ಮೊದಲು ಕೊಡಿ, ಅವುಗಳ ಊಟವೂ ಬಂದಂತಾಯಿತು ಎನ್ನುತ್ತಿದ್ದೆ.

ಒಂದು ಮನೆಯ ಜೊತೆ ಮಾತ್ರ ಮುನಿಸು ಬಂತು. ಓಣಿಯ ತುದಿಯ ಸಾವಕಾರರ ಮನೆಯಲ್ಲಿ ತಾಮ್ರದ ಹಂಡೆ. ಆ ನೀರು ಹಾಕಿದ ದಿನ ಮೀನುಗಳು ಕಪ್ಪಾಗಿ ಮೂಲೆ ಸೇರಿದವು. ತಾಮ್ರ ಮನುಷ್ಯರಿಗೆ ಒಳ್ಳೆಯದು, ಮೀನಿಗೆ ವಿಷ. ಮುಂದಿನ ಸಲ ಅವರ ನೀರು ಒಲ್ಲೆನೆಂದೆ. ಬಡವರ ಮಣ್ಣಿನ ಹರವಿಯ ನೀರು ಬೇಕು, ನಮ್ಮ ತಾಮ್ರದ ಹಂಡೆಯದು ಬೇಡವೇ ಎಂದು ಸಾವಕಾರರ ಹೆಂಡತಿ ಆರು ತಿಂಗಳು ನನ್ನ ಮುಖ ನೋಡಲಿಲ್ಲ. ನೀಲವ್ವನಿಗೆ ಅದರಿಂದ ಆದ ಸಂತೋಷ ಅಷ್ಟಿಷ್ಟಲ್ಲ.

ಒಮ್ಮೆ ಅವಳ ಹರವಿಯೊಂದು ಸೀಳಿತು. ಅದರ ದೊಡ್ಡ ಹೋಳೊಂದನ್ನು ಕೇಳಿ ತಂದು ತೊಟ್ಟಿಯಲ್ಲಿ ನೆಟ್ಟಗೆ ನಿಲ್ಲಿಸಿದೆ. ಡಿಸ್ಕಸ್ ಜೋಡಿ ಕೆಲವು ದಿನ ಅದನ್ನು ಬಾಯಿಂದ ಒರೆಸಿ ಒರೆಸಿ, ಕೊನೆಗೊಂದು ದಿನ ಸಾಲಾಗಿ ಮೊಟ್ಟೆ ಇಟ್ಟವು. ಮೊದಲ ಸಲದವು ಬೆಳ್ಳಗಾಗಿ ಕೆಟ್ಟವು. ಎರಡನೆಯ ಸಲ ಮರಿಯಾದವು. ಮರಿಗಳು ಬೇರೆ ಏನನ್ನೂ ಮುಟ್ಟುವುದಿಲ್ಲ. ತಾಯಿತಂದೆಯ ಮೈಗೆ ಅಂಟಿಕೊಂಡು, ಅವರ ಚರ್ಮದ ಲೋಳೆಯನ್ನೇ ತಿಂದು ದೊಡ್ಡವಾಗುತ್ತವೆ. ತಾಯಿ ದಣಿದರೆ ಮೈ ಕೊಡವಿ ಮರಿಗಳನ್ನು ತಂದೆಯ ಕಡೆಗೆ ಕಳಿಸುತ್ತದೆ.

ಓಣಿಯವರು ಗುಂಪು ಕಟ್ಟಿಕೊಂಡು ನೋಡಲು ಬಂದರು. ನೀಲವ್ವ ಕೋಣೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಉಳಿದವರು ಹೋದ ಮೇಲೂ ಗಾಜಿನ ಮುಂದೆ ನಿಂತೇ ಇದ್ದಳು. ‘ಅಪ್ಪಾನೂ ಉಣಸ್ತಾನೇನ್ರಿ?’ ಎಂದು ಕೇಳಿದಳು. ಹೌದೆಂದೆ.  ಹೋಗುವಾಗ ಹರವಿಯ ಹೋಳನ್ನು ತೋರಿಸಿ, ಇದು ನಮ್ಮ ಮನೆಯದು ಎಂದು ಬಾಗಿಲಲ್ಲಿದ್ದ ಅಪರಿಚಿತರಿಗೆ ಹೇಳಿದಳು. ನಾನು ನಾಯಕ ಸಾಹೇಬರಿಗೆ ಕಾರ್ಡು ಹಾಕಿದೆ. ಬಂದ ಉತ್ತರ ಒಂದೇ ಸಾಲು, ‘ಇವತ್ತು ನೀರು ಬದಲಿಸಿದಿರಾ?’

ಎಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಕೆಲಸದ ರೀತಿಯೇ ಬದಲಾಯಿತು. ನಮ್ಮ ಭಾಗಕ್ಕೆ ಹೊಸ ನೀರಿನ ಟಾಕಿ ಕಟ್ಟಿದರು. ಆಫೀಸಿನ ನಳಕ್ಕೂ ನೀರು ಬಂತು. ನಾನು ಗದಗ ಬಿಟ್ಟ ಮೇಲೆ ಆ ಸುಖ ಉಳಿಯಲಿಲ್ಲ, ಅದು ಬೇರೆ ಮಾತು. ಜೊತೆಗೆ ಮೇಲಿನ ಆಫೀಸಿನಿಂದ ಹೈಪೋ ಎಂಬ ಹರಳಿನ ಡಬ್ಬಿ ಬಂತು. ಫೋಟೋ ಸ್ಟುಡಿಯೋದವರು ಬಳಸುವ ಅದೇ ಹರಳು. ಒಂದು ಚಿಟಿಕೆ ಹಾಕಿ ಕಲಕಿದರೆ ಬ್ಲೀಚಿಂಗಿನ ಘಾಟು ಅಲ್ಲೇ ಮಾಯ. ಹೊಸ ನೀರನ್ನು ಆ ಕ್ಷಣವೇ ಬಳಸಬಹುದು. ಇಷ್ಟು ಸಣ್ಣ ಡಬ್ಬಿಗೆ ನಾನು ಸೈಕಲ್ ತುಳಿದ ವರ್ಷಗಳೆಲ್ಲ ಸಮವಾದವಲ್ಲ ಎಂದು ನಗು ಬಂತು.

ಮುಂದಿನ ನೀರಿನ ದಿನ ನಾನು ಕ್ಯಾನು ಹಿಡಿದು ಹೋಗಲಿಲ್ಲ. ಖೋಲಿಯಲ್ಲೇ ಕೂತೆ. ‘ಪೂಜಾರ್ರು ಎಲ್ಲಿ, ಆರಾಮಿಲ್ಲೇನು?’ ಎಂದು ಯಾರೋ ಕೇಳಿದ್ದು ಬಾಗಿಲ ಸಂದಿಯಿಂದ ಕೇಳಿಸಿತು. ಸ್ವಲ್ಪ ಹೊತ್ತಿಗೆ ಕೊಡಗಳ ಸಪ್ಪಳ ನಿಂತಿತು, ಎಲ್ಲರೂ ಒಳಗೆ ಹೋದರು, ಮಗ್ಗಗಳು ಶುರುವಾದವು. ಮುಂದಿನ ಮೂರ್ನಾಲ್ಕು ನೀರಿನ ದಿನವೂ ಹಾಗೇ ಕೂತೆ, ಅಷ್ಟು ದಿನ ಓಣಿಯಲ್ಲಿ ನನ್ನ ಜೊತೆ ಯಾರೂ ಒಂದು ಮಾತು ಆಡಲಿಲ್ಲ. ಆಡಲು ಕಾರಣವೂ ಇರಲಿಲ್ಲ. ನನ್ನ ಬದುಕಿನ ಮಾತುಕತೆಯೆಲ್ಲ ಆ ಹಳೇ ನೀರಿನ ಮೇಲೆಯೇ ನಡೆದಿತ್ತೆಂದು ನನಗೆ ಆಗ ತಿಳಿಯಿತು.

ಮತ್ತೆ ನಳ ಬಂದಾಗ ಕ್ಯಾನು ಕಟ್ಟಿಕೊಂಡು ಹೊರಟೆ. ಹೈಪೋ ಡಬ್ಬಿಯ ವಿಷಯ ಯಾರಿಗೂ ಹೇಳಲಿಲ್ಲ. ಕಟ್ಟೆಕಟ್ಟೆಗೆ ನಿಂತು ಹಳೇ ನೀರು ಬೇಡಿದೆ. ಮಗಳ ಬಾಣಂತನ, ನೂಲಿನ ತುಟ್ಟಿ, ಅಡರಕಟ್ಟಿಯಿಂದ ತಂದ ಸೊಸೆಯ ಗುಣಗಾನ ಎಲ್ಲ ಕೇಳಿಸಿಕೊಂಡೆ. ಮೀನುಗಳ ಖಬರು ಹೇಳಿದೆ. ತಂದ ನೀರು ತೊಟ್ಟಿಗೇ ಹೋಗುತ್ತಿತ್ತು, ಸುಳ್ಳಲ್ಲ. ಆದರೆ ಅದು ಮೀನಿಗೆ ಬೇಕಾದ್ದಕ್ಕಿಂತ ನನಗೆ ಬೇಕಾಗಿತ್ತು. ಹಾಗೆಯೇ ವರ್ಷಗಳು ಹೋದವು.

ಮರಿಗಳು ಬೇರೆ ಊರುಗಳ ತೊಟ್ಟಿ ಸೇರಿದ್ದವು. ಹಳೇ ಜೋಡಿ ಮುಪ್ಪಾಯಿತು. ಮೊದಲು ಹೆಣ್ಣು ಹೋಯಿತು, ಅದರ ಹಿಂದೆಯೇ ಗಂಡು. ನೀರಿನಿಂದ ಅವಕ್ಕೆ ಏನೂ ಆಗಲಿಲ್ಲ, ಆಯುಷ್ಯ ತೀರಿತು. ಸಾಹೇಬರು ಬದಲಾಗಿದ್ದರೂ ಆಫೀಸಿನ ಮಾತು ಬದಲಾಗಿರಲಿಲ್ಲ. ಕೋಣೆಗೆ ಕೀಲಿ ಬಿತ್ತು. ನನಗೆ ಮುಂಡರಗಿಗೆ ಹುಕುಂ ಬಂತು.

ಹೊರಡುವ ಬೆಳಿಗ್ಗೆ ಖೋಲಿಯ ಕೀಲಿಕೈ ಕೊಡಲು ಹೋದಾಗ ನೀಲವ್ವನ ಕಟ್ಟೆಯ ಮೇಲೆ ಹರವಿ ತುಂಬಿಯೇ ಇತ್ತು. ಇನ್ನು ಬೇಡ, ಗಿಡಕ್ಕೆ ಹಾಕಿಬಿಡಿ, ಇಷ್ಟು ವರ್ಷ ಉಪಕಾರವಾಯಿತು ಎಂದೆ. ಅವಳು ಕೀಲಿಕೈ ತೆಗೆದುಕೊಂಡು ಸೆರಗಿಗೆ ಗಂಟು ಹಾಕಿದಳು.

‘ದಿನಾ ಬಿಟ್ಟು ದಿನಾ ನೀರು ಬರಾಕತ್ತ ಮ್ಯಾಲೆ ಯಾರ ಮನ್ಯಾಗ ಹಳಿ ನೀರು ಉಳೀತಾವ್ರಿ? ಹೊಸಾವ ತುಂಬಿ, ಮುಟ್ಟಲಾರದ ಇಟ್ಟು, ನಿಮಗಂತ ಹಳೇವ ಮಾಡ್ತಿದ್ವಿ. ಓಣ್ಯಾಗ ಎಲ್ಲಾರೂ.’

‘ಯಾಕ್ರಿ ಅಷ್ಟು ತ್ರಾಸು?’

‘ನೀರಿಗೆ ಬರೂದು ಬಿಟ್ಟಿದ್ರ ನೀವು ಯಾರ ಕೂಡ ಮಾತಾಡತಿದ್ರಿ?’

ಹೈಪೋ ಡಬ್ಬಿ ನನ್ನ ಚೀಲದಲ್ಲೇ ಇತ್ತು. ಹೇಳಬೇಕೆಂದು ಚೀಲದ ಬಾಯಿ ಬಿಚ್ಚಿದೆ, ಮತ್ತೆ ಕಟ್ಟಿದೆ. ಅವಳು ಹೊತ್ತಾಯಿತು, ಬಸ್ಸು ತಪ್ಪುತ್ತದೆ ಎಂದು ಒಳಗೆ ಹೋದಳು. ಮಗ್ಗದ ಸಪ್ಪಳ ಶುರುವಾಯಿತು.

ಮುಂಡರಗಿಯಲ್ಲಿ ನನ್ನ ಕೆಲಸ ಕೆರೆಗಳಿಗೆ ಮೀನುಮರಿ ಬಿಡುವುದು. ಅಲ್ಲಿ ನೀರು ಬದಲಿಸುವ ಗೊಡವೆಯಿಲ್ಲ, ಗಾಜಿನ ತೊಟ್ಟಿಯೂ ಇಲ್ಲ. ಸಂತೆಯಲ್ಲಿ ಒಂದು ಮಣ್ಣಿನ ಹರವಿ ಕೊಂಡೆ. ಹೊಸ ಓಣಿಯಲ್ಲಿ ಮೊದಲ ಸಲ ನಳ ಬಂದ ದಿನ ಅದನ್ನು ತುಂಬಿ, ಹೊರಗೆ ಕಟ್ಟೆಯ ಮೇಲಿಟ್ಟು, ಮುಟ್ಟದೆ ಹಾಗೇ ಬಿಟ್ಟೆ. ಯಾರಾದರೂ ಹಳೇ ನೀರು ಕೇಳಿಕೊಂಡು ಬಂದರೆ ಇರಲಿ ಎಂದು.